ಮರುಭೂಮಿಯಲ್ಲಿ ಪುಷ್ಪದರ್ಶನ

ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಟಿಕೀಟು ಕೊಂಡು, ಸಾಲಿನಲ್ಲಿ ನಿಂತು, ಮುಂದಿನವರ ಹೆಗಲ ಮೇಲಿಂದ ಹೂಗಳನ್ನು ನೋಡಿ ಸಂತುಷ್ಟನಾಗುತ್ತ ಬಂದ ನನ್ನಂಥವನಿಗೆ, ಪುಷ್ಪವೀಕ್ಷಣೆಗೆಂದು ಮರುಭೂಮಿಗೆ ಹೊರಡುವುದು ವಿವೇಕಿಗಳ ಲಕ್ಷಣವಾಗಿ ತೋರದಿದ್ದರೆ ಅದು ಸಹಜವೇ ಸರಿ. ಆದರೆ ಕ್ಯಾಲಿಫೋರ್ನಿಯದಲ್ಲಿ ಮಗಳ ಮನೆಯ ಅತಿಥಿಯಾದವನಿಗೆ ಸ್ವಂತ ಅಭಿಪ್ರಾಯವೆಂಬುದು ಇರತಕ್ಕದ್ದಲ್ಲ. “ಹತ್ತಿ ಅಪ್ಪ, ಹೊತ್ತಾಯಿತು” ಎಂದರೆ ಕಾರು ಹತ್ತಬೇಕು. ಹಾಗೆ ಹತ್ತಿ, ಮಾಘದ ಚಳಿಯಿನ್ನೂ ಬಿಡದಿದ್ದ ಫೆಬ್ರವರಿಯ ಆದಿಯಲ್ಲಿ, ಸ್ಯಾನ್ ಡಿಯಾಗೊ ಕಡೆಯ ಬೆಟ್ಟಗಳನ್ನು ದಾಟಿ ನಾವು ಇಳಿದ ಊರು ಬೊರ್ರೆಗೊ ಸ್ಪ್ರಿಂಗ್ಸ್.

ಸುಮಾರು 6 ಲಕ್ಷ ಎಕರೆ ವಿಸ್ತಾರದ ಆನ್ಜಾ-ಬೊರ್ರೆಗೊ ಮರುಭೂಮಿ ಉದ್ಯಾನವು ನಾಲ್ದೆಸೆಗಳಿಂದಲೂ ಆವರಿಸಿಕೊಂಡಿರುವ ಈ ಪುಟ್ಟ ಊರಿನಲ್ಲಿ ಟ್ರಾಫಿಕ್ ಸಿಗ್ನಲ್ ಎಂಬುದು ಒಂದೂ ಇಲ್ಲ. ನಡುವಣ ಕ್ರಿಸ್‌ಮಸ್ ಸರ್ಕಲ್ಲನ್ನು ಒಮ್ಮೆ ಸುತ್ತಿದರೆ ಊರು ನೋಡಿದಂತೆಯೇ. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವ ದೇಶವಾದುದರಿಂದ ಅದು ಅಪ್ರದಕ್ಷಿಣೆಯೇ ಆಯಿತೆಂದು ನೊಂದ ನನ್ನ ಮನೆಯಾಕೆ, ರಿಕಾರ್ಡೊ ಬ್ರೆಸೆಡಾ ಎಂಬ ಶಿಲ್ಪಿ ಲೋಹದಲ್ಲಿ ಬೆಸೆದ 350 ಅಡಿಯ ಸರ್ಪವು ರಸ್ತೆಯ ಈಚೆ ಮರಳಿನಲ್ಲಿ ಮುಳುಗಿ ಆಚೆ ಮೇಲೆದ್ದಿರುವುದನ್ನು ಕಂಡು, ಪ್ರಾಯಶ್ಚಿತ್ತವಾಗಿ ಅದಕ್ಕೆ ಕೈಮುಗಿದಳು. ನಮ್ಮಲ್ಲಿ ಬೀದಿದೀಪ ಉರಿಯದಿದ್ದರೆ ಪುರಸಭೆಗೆ ಅರ್ಜಿ ಹೋಗುತ್ತದೆ. ಇಲ್ಲಿಯ ಜನರಾದರೋ ನಕ್ಷತ್ರಗಳಿಗಾಗಿ ದೀಪಗಳನ್ನು ತಗ್ಗಿಸಿ 2009ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯನ್ನೇ ಸಂಪಾದಿಸಿದರು.

ಇಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮ ಆಗುಂಬೆಯ ಆಷಾಢಕ್ಕೆ ಒಂದು ಹಗಲಿರುಳಿನ ಕೆಲಸ. ಆದಕಾರಣ ಇಲ್ಲಿಯ ಬೀಜಗಳು ಪರಮಸಂಶಯಿಗಳು. ಮೊಳಕೆಯನ್ನು ತಡೆಯುವ ದ್ರವ್ಯವೊಂದನ್ನು ಸಿಪ್ಪೆಯಲ್ಲಿ ಧರಿಸಿ ಮರಳಿನೊಳಗೆ ವರ್ಷಗಟ್ಟಲೆ ಮಲಗಿರುವ ಅವು, ಹಗುರಾದ ತುಂತುರಿಗೆ ಮರುಳಾಗದೆ, ಆ ದ್ರವ್ಯ ತೊಳೆದುಹೋಗುವಷ್ಟು ಮಳೆ ಸುರಿದ ಮೇಲಷ್ಟೆ ಕಣ್ಣುಬಿಡುತ್ತವೆ. ಮೊದಲ ಹನಿಯ ಆಶ್ವಾಸನೆಯನ್ನು ನಂಬದ ಈ ವಿವೇಕ ನಮ್ಮ ಮತದಾರರಿಗೂ ಒದಗಿದ್ದರೆ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಹೂಗಳು ವಿರಳವಾಗಿಯೇ ಇದ್ದವು. ಅಂಟಂಟಾದ ಎಲೆಗಳಿಗೆಲ್ಲ ಮರಳು ಮೆತ್ತಿಕೊಂಡು ನೆಲದ ಮೇಲೆ ಹರಡಿದ್ದ ಸ್ಯಾಂಡ್ ವರ್ಬಿನಾ ತನ್ನ ಗುಲಾಬಿನೇರಳೆಯ ಗೊಂಚಲನ್ನು ಆಗತಾನೆ ಎತ್ತಿತ್ತು. ಇರುಳೆಲ್ಲ ಅರಳಿದ್ದ ಬಿಳಿಯ ಪ್ರಿಮ್‌ರೋಸ್ ಬಿಸಿಲೇರಿದಂತೆ ಮುದುಡುತ್ತಿತ್ತು. ನೆರೆಮನೆಯ ಕಾಂಪೌಂಡಿನ ಹೂಗಳಿಂದಲೇ ನಿತ್ಯಪೂಜೆಯನ್ನು ಸಾಂಗವಾಗಿ ನೆರವೇರಿಸುತ್ತ ಬಂದ ನನ್ನಾಕೆಗೆ, ಇಲ್ಲಿ ಹೂ ಕೀಳುವುದು ಕಾನೂನಿಗೆ ವಿರುದ್ಧವೆಂದು ಮಗಳು ಮುಂಚಿತವಾಗಿಯೇ ಎಚ್ಚರಿಸಬೇಕಾಯಿತು. ಇನ್ನು ಕೆಲವು ಹೂಗಳು ಎಷ್ಟು ಸಣ್ಣವೆಂದರೆ, ಬೋರಲಾಗಿ ಮಲಗದೆ ಅವುಗಳ ದರ್ಶನವಾಗದು. ಕಿರುಬೆರಳ ಉಗುರಿನಷ್ಟಿದ್ದ ನೇರಳೆ ಹೂವೊಂದಕ್ಕೆ ನಾನು ಸಾಷ್ಟಾಂಗವೆರಗಿದ್ದಾಗ, ದಾರಿಯಲ್ಲಿ ಬರುತ್ತಿದ್ದ ಅಮೆರಿಕದ ವೃದ್ಧೆಯೊಬ್ಬಳು ಗಾಬರಿಯಿಂದ ಆಂಬುಲೆನ್ಸ್ ಕರೆಸಲೇ ಎಂದು ಕೇಳಿ, ಹೂವನ್ನು ತೋರಿಸಿದೊಡನೆ ತಾನೂ ಪಕ್ಕದಲ್ಲಿ ಮಲಗಿಬಿಟ್ಟಳು. ಮಲಗುವುದು ಸುಲಭ, ನಮ್ಮಿಬ್ಬರನ್ನೂ ಎಬ್ಬಿಸುವುದಕ್ಕೆ ಅಳಿಯಂದಿರ ಬಾಹುಬಲವೆಲ್ಲ ವ್ಯಯವಾಯಿತು.

“ಮಾರ್ಚಿನಲ್ಲಿ ಬಂದಿದ್ದರೆ ಕಣಿವೆ ತುಂಬ ಹೂ ನೋಡಬಹುದಿತ್ತು ಮಾವ” ಎಂದು ಅವರು ಮೈಯ ಮರಳು ಕೊಡವುತ್ತ ಪೇಚಾಡಿದರು. ನನಗೇನೂ ಪೇಚಾಟವಿರಲಿಲ್ಲ. 2017ರ ಮಹಾಪುಷ್ಪೋತ್ಸವದಲ್ಲಿ ಜನ ಕಿಕ್ಕಿರಿದು ಊರಿನ ಹೋಟೆಲುಗಳಲ್ಲಿ ಆಹಾರವೇ ಮುಗಿದುಹೋಗಿತ್ತಂತೆ. ಅಂಥಲ್ಲಿ ಒಂದು ಹೂವಿಗಾಗಿ ಅಡ್ಡಬಿದ್ದವನನ್ನು ತುಳಿಯದೆ ಹೋಗುವವರು ಯಾರು? ಸಮೃದ್ಧಿಯಲ್ಲಿ ಹೂರಾಶಿ ಕಾಣುತ್ತದೆ, ಹೂ ಕಾಣುವುದಿಲ್ಲ. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೋಗುವುದಾದರೆ ಚಳಿಗಾಲ ಮುಗಿಯುವ ಮುನ್ನವೇ ಹೋಗಿ, ಕುಡಿಯುವ ನೀರನ್ನೂ ಬಲಿಷ್ಠನಾದ ಅಳಿಯನನ್ನೂ ಮರೆಯದೆ ಜೊತೆಗೆ ಕರೆದೊಯ್ಯಿರಿ.