ಮನೆಗೊಂದು ಕಟಿಂಗ್ ಮಷೀನ್: ಹೊಯ್ಸಳ ಸೀಮೆಯ ಗ್ರಾಹಕರಿಗೆ ತಜ್ಞರ ಸಲಹೆ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ನಾಲ್ಕಿಂಚಿನ ಕಟಿಂಗ್ ಮಷೀನ್ ಕೊಳ್ಳಲು ಹೋದವರು ಮೊದಲು ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ತೂಗಿ ನೋಡಬೇಕು. ಇದರಿಂದ ಏನೂ ತಿಳಿಯುವುದಿಲ್ಲ. ಗಿರಾಕಿಗೆ ಎಲ್ಲ ತಿಳಿದಿದೆ ಎಂದು ಅಂಗಡಿಯವರಿಗೆ ಅನ್ನಿಸುತ್ತದೆ. ಆಮೇಲೆ ಡಬ್ಬದ ಮೇಲಿನ ವ್ಯಾಟ್ ಓದಬೇಕು. ಹೆಸರುವಾಸಿ ಕಂಪನಿಯವರು 670 ಎಂದು ಬರೆದು ದುಬಾರಿ ಬೆಲೆ ಕೇಳುತ್ತಾರೆ. ಹೆಸರಿಲ್ಲದವರು 1,050 ಎಂದು ಬರೆದು ಅರ್ಧಕ್ಕೇ ಕೊಡುತ್ತಾರೆ. ಡಬ್ಬದ ಮೇಲೆ ಅಚ್ಚು ಹಾಕಿಸುವವರು ವ್ಯಾಟಿನ ಲೆಕ್ಕದಲ್ಲಿ ದುಡ್ಡು ಕೇಳದ ಕಾರಣ ಇದು ಸಾಧ್ಯವಾಗಿದೆ.

"ಗ್ಯಾರಂಟಿ ಎಷ್ಟು ದಿನ?"

"ಇಲ್ಲೇ ಓಡಿಸಿ ತೋರಿಸ್ತೀನಿ, ಧೈರ್ಯವಾಗಿ ತಗೊಂಡೋಗಿ ಸಾರ್."

ಈ ಉತ್ತರಕ್ಕೆ ಮುಖ ಸಿಂಡರಿಸುವವರಿಗೆ ಚರಿತ್ರೆ ಗೊತ್ತಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದದ್ದರ ಕೆಳಗೆ ಹೆಸರು ಕೊರೆದಿಟ್ಟರು. ಒಂಬೈನೂರು ವರ್ಷವಾದರೂ ದೂರು ಯಾರ ಮೇಲೆ ಹೇಳಬೇಕೆಂದು ಊರಿಗೆಲ್ಲ ಗೊತ್ತು. ನಿಮ್ಮ ಮಷೀನಿನ ಮೇಲೆ ಯಾರ ಹೆಸರೂ ಇಲ್ಲದಿರುವುದು ತಯಾರಕರ ವಿನಯ.

ಹೊಯ್ಸಳರ ಬಳಿಯೂ ಮಷೀನ್ ಇತ್ತು ಎಂದು ವಾದಿಸುವವರು ಹಳೇಬೀಡಿನ ಕಂಬಗಳನ್ನು ತೋರಿಸುತ್ತಾರೆ. ಕಂಬಗಳನ್ನು ತಿರುಗಿಸಿಯೇ ಕಡೆದದ್ದು ಹೌದು. ನಾಲ್ಕಿಂಚಿನದು ಮಾತ್ರ ಖಂಡಿತ ಇರಲಿಲ್ಲ. ಬಳಪದ ಕಲ್ಲು ನೆಲದಿಂದ ಎತ್ತಿದ ಹೊಸತರಲ್ಲಿ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅದರ ಮೇಲೆ ನಿಮಿಷಕ್ಕೆ 11,000 ಸುತ್ತುವ ವೀಲ್ ಇಟ್ಟಿದ್ದರೆ ಬೇಲೂರಿನ ದರ್ಪಣ ಸುಂದರಿಯ ಕೈಯಲ್ಲಿ ಕನ್ನಡಿ ಉಳಿಯುತ್ತಿತ್ತು, ನೋಡಿಕೊಳ್ಳಲು ಮೂಗು ಉಳಿಯುತ್ತಿರಲಿಲ್ಲ.

ಇನ್ನು ಗಾರ್ಡ್. ವೀಲಿನ ಅರ್ಧಕ್ಕೆ ಮುಚ್ಚಿದ ಈ ತಗಡು ಮಷೀನ್ ಡಬ್ಬದಲ್ಲಿ ಅಲುಗಾಡದಿರಲೆಂದು ಕೊಟ್ಟದ್ದು. ಮನೆಗೆ ಬಂದ ಕೂಡಲೇ ಬಿಚ್ಚಿ ಮೊಳೆಡಬ್ಬಿಗೆ ಹಾಕತಕ್ಕದ್ದು. ಬಿಚ್ಚಿದ ಮೇಲೆ ಜಾಗ ಧಾರಾಳ, ಏಳಿಂಚಿನ ವೀಲೂ ಹಿಡಿಸುತ್ತದೆ. ಮಷೀನಿನದು 16 ಮಿಲಿಮೀಟರ್ ತೂತಿನ ಲೆಕ್ಕ, ದೊಡ್ಡ ವೀಲಿನ ತೂತು 22. ನಡುವೆ ಬುಷ್ ಹಾಕಿದರೆ ಹೊಂದಾಣಿಕೆ. ಏಳಿಂಚಿನ ವೀಲಿನ ಮೇಲೆ 8,500 ಸುತ್ತು ಮೀರಬಾರದೆಂದು ಬರೆದಿರುತ್ತದೆ. ಮಷೀನಿಗೆ ಓದಲು ಬರುವುದಿಲ್ಲ. ಆಮೇಲೆ ವೀಲಿನ ತುಂಡುಗಳನ್ನು ಹೆಂಚು, ತೆಂಗಿನಮರ, ತೊಡೆ, ಈ ಕ್ರಮದಲ್ಲಿ ಹುಡುಕಬೇಕು. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಕುಳಿತವರಿಗೆ ಹುಡುಕುವ ಶ್ರಮ ಕಡಿಮೆ.

ವೀಲಿನ ನಡುವಿನ ತಗಡುಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅಂಟಿನ ಆಯುಸ್ಸು ಮೂರು ವರ್ಷ. ಬ್ರೆಡ್ಡಿನ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ತಾರೀಖು ನೋಡುವ ಮನೆಯವರೂ ಇದನ್ನು ನೋಡಿದ ದಾಖಲೆಯಿಲ್ಲ. ನೋಡಿದರೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಟ್ಟ ವೀಲುಗಳನ್ನೆಲ್ಲ ಎಸೆಯಬೇಕಾಗುತ್ತದೆ.

ಕಾರ್ಬನ್ ಸವೆದಾಗ ಮಷೀನ್ ಕಿಡಿ ಕಾರುತ್ತ ನಿಂತು ನಿಂತು ಓಡುತ್ತದೆ. ಹೆಸರಿಲ್ಲದ ಮಷೀನಿಗೆ ಆ ಅಳತೆಯ ಕಾರ್ಬನ್ ಸಿಗುವುದಿಲ್ಲ. ಹಳೇ ಮಿಕ್ಸಿಯದನ್ನು ಕಿತ್ತು, ಸಿಮೆಂಟು ಕಟ್ಟೆಗೆ ಉಜ್ಜಿ ತೂರಿಸುವುದು ನಮ್ಮ ಕಡೆಯ ತಂತ್ರಜ್ಞಾನ. ಆರ್ಮೇಚರ್ ಸುಟ್ಟ ಮೇಲೆ ರಿವೈಂಡಿಂಗ್ ಖರ್ಚು ಹೊಸ ಮಷೀನಿನಷ್ಟೇ ಎಂದು ತಿಳಿದು, ಅದೇ ಅಂಗಡಿಗೆ ಹೋಗಿ ಇನ್ನೊಂದನ್ನು ತೂಗಿ ನೋಡುತ್ತೇವೆ.

ಒಂದು ಗೇಟಿನ ಸರಳು ಕತ್ತರಿಸಲು ಕೊಂಡ ಮಷೀನ್ ಮಾರನೇ ದಿನ ಪಕ್ಕದ ಮನೆಗೆ, ಅಲ್ಲಿಂದ ಅವರ ಷಡ್ಡಕರ ಜೊತೆ ಬಾಣಾವರಕ್ಕೆ, ಆಮೇಲೆ ಜಾವಗಲ್ಲಿಗೆ ಹೋಗುತ್ತದೆ. ಆದ್ದರಿಂದ ಮಿತವ್ಯಯ ಬಯಸುವವರು ಎರಡು ಕೊಳ್ಳುವುದು ಲೇಸು: ಒಂದು ಊರಿಗೆ, ಇನ್ನೊಂದು ಅಟ್ಟಕ್ಕೆ. ಅಟ್ಟದ್ದನ್ನು ಬಳಸಬಾರದು; ಸದ್ದು ಆಚೆ ಕೇಳುತ್ತದೆ.