ವಾಂತಿಗಿಂತ ಮುಂಚೆ ಬರುವ ಭಯ

ಹಳೆಯ ಸಿನಿಮಾಗಳಲ್ಲಿ ಬಸಿರು ಖಾತ್ರಿಯಾಗಲು ಸ್ಕ್ಯಾನಿಂಗ್ ಬೇಕಿರಲಿಲ್ಲ. ನಾಯಕಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದರೆ ಸಾಕು, ಅತ್ತೆಯ ಮುಖ ಅರಳುತ್ತಿತ್ತು, ಮುಂದಿನ ದೃಶ್ಯಕ್ಕೆ ಮಾವಿನಕಾಯಿ ಹಾಜರಾಗುತ್ತಿತ್ತು. ವಾಂತಿಯನ್ನು ಶುಭಸಮಾಚಾರವೆಂದೇ ಬಗೆದ ಇಂಥ ಸಮಾಜಕ್ಕೆ, ಅದರ ಹೆಸರು ಕೇಳಿದರೇ ಬೆವರುವ ಹೆಣ್ಣು ಅರ್ಥವಾಗುವುದು ಕಷ್ಟ. ವೈದ್ಯರು ಈ ಭಯವನ್ನು ಎಮಿಟೋಫೋಬಿಯಾ ಎನ್ನುತ್ತಾರೆ. ಇದರಿಂದಾಗಿ ಮಗು ಬೇಕೆಂದಿದ್ದರೂ ಬಸಿರನ್ನು ಮುಂದೂಡುವವರಿದ್ದಾರೆ. ‘ಅಯ್ಯೋ, ಎಲ್ರಿಗೂ ಆಗೋದೇ ಅಲ್ವೇನೇ’ ಎಂಬುದು ಅವಳಿಗೆ ಸಿಗುವ ಮೊದಲ ಸಮಾಧಾನ. ಮಾತು ಸುಳ್ಳಲ್ಲ, ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ವಾಕರಿಕೆ ಇರುತ್ತದೆ. ಆದರೆ ಹಾವಿಗೆ ಹೆದರುವವಳಿಗೆ ಊರ ತುಂಬಾ ಹಾವಿವೆ ಎಂದು ಹೇಳಿದರೆ ಧೈರ್ಯ ಬಂದೀತೆ?

ನನ್ನ ವಾದವಿಷ್ಟೆ: ವಾಂತಿ ಬೇರೆ, ವಾಂತಿಯ ಭಯ ಬೇರೆ, ಒಂದಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ಬಿಟ್ಟರೆ ಎರಡೂ ಬೆಳೆಯುತ್ತವೆ. ಭಯದ ಲೆಕ್ಕಾಚಾರ ನೋಡಿ. ಒಳಗೆ ಏನೂ ಹೋಗದಿದ್ದರೆ ಹೊರಗೆ ಏನೂ ಬರುವುದಿಲ್ಲ ಎಂದು ಅದು ಉಪವಾಸ ಮಾಡಿಸುತ್ತದೆ. ಗಣಿತದಲ್ಲಿ ಸರಿ, ಹೊಟ್ಟೆಯಲ್ಲಿ ತಪ್ಪು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚುತ್ತದೆ, ಹೆಚ್ಚಿದ ವಾಕರಿಕೆಯಿಂದ ಭಯ ಹೆಚ್ಚುತ್ತದೆ, ಆ ಭಯ ಮತ್ತೆ ತಟ್ಟೆಯನ್ನು ದೂರ ತಳ್ಳಿಸುತ್ತದೆ. ಹಾಸಿಗೆಯಿಂದ ಏಳುವ ಮುಂಚೆಯೇ ಒಂದು ರಸ್ಕೋ ಹಿಡಿ ಮಂಡಕ್ಕಿಯೋ ತಿನ್ನು, ದಿನವಿಡೀ ಸ್ವಲ್ಪ ಸ್ವಲ್ಪವೇ ತಿನ್ನುತ್ತಿರು ಎಂಬ ಸಲಹೆಯ ಹಿಂದಿರುವುದು ಈ ತರ್ಕವೇ. ‘ಎಲ್ಲಾ ಮನಸ್ಸಿನ ಆಟ’ ಎನ್ನುವವರಿಗೂ 2023ರಲ್ಲಿ ಉತ್ತರ ಸಿಕ್ಕಿದೆ. ಮಗುವಿನ ಕಡೆಯಿಂದ ಹೆಚ್ಚಾಗಿ ಬರುವ ಜಿಡಿಎಫ್15 ಎಂಬ ಹಾರ್ಮೋನು, ಬಸಿರಿಗೆ ಮೊದಲು ಅದರ ಪರಿಚಯ ಕಡಿಮೆಯಿದ್ದವರನ್ನು ವಾಕರಿಕೆಯಿಂದ ಜಾಸ್ತಿ ಕಾಡುತ್ತದೆ ಎಂದು ಸಂಶೋಧಕರು ತೋರಿಸಿಕೊಟ್ಟರು. ಸೊಸೆಯ ನಾಜೂಕಿಗೂ ತವರಿನ ಮುದ್ದಿಗೂ ಇದರಲ್ಲಿ ಪಾತ್ರವಿಲ್ಲ.

ಬಸುರಿಗೆ ಮಾತ್ರೆಯೇ ಎಂಬುದು ಗಟ್ಟಿಯಾದ ಆಕ್ಷೇಪ, ಅದನ್ನು ನಕ್ಕು ತಳ್ಳಲಾಗದು. ಬಸುರಿಯರ ವಾಕರಿಕೆಗೂ ಕೊಟ್ಟ ಥಾಲಿಡೊಮೈಡ್‌ನಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿ, 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅದನ್ನು ಹಿಂತೆಗೆಯಲಾಯಿತು. ಆದರೆ ಆ ಒಂದು ಮದ್ದಿನ ಪಾಪವನ್ನು ಎಲ್ಲ ಮದ್ದಿನ ತಲೆಗೂ ಕಟ್ಟುವುದು ಅನ್ಯಾಯ. ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಜೋಡಿಯ ಸುರಕ್ಷತೆಯನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ವೈದ್ಯರು ಮೊದಲು ಬರೆಯುವ ಮದ್ದುಗಳಲ್ಲಿ ಅದೂ ಒಂದು. ಇನ್ನು ‘ಮೂರು ತಿಂಗಳು ತಡ್ಕೋ’ ಎಂಬ ಉಪದೇಶ. ಬಹುಪಾಲು ಜನರಿಗೆ 16ರಿಂದ 20ನೇ ವಾರದೊಳಗೆ ವಾಂತಿ ಇಳಿಯುವುದು ನಿಜ, ಆದರೆ ಭಯಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಅದಕ್ಕೆ ಮನೋಚಿಕಿತ್ಸಕರ ಬಳಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ, ಬಸಿರಿಗೆ ಮುಂಚೆಯೇ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಆದ್ದರಿಂದ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ‘ನನಗೆ ವಾಂತಿಯೆಂದರೆ ಭಯ’ ಎಂದು ನಾಚದೆ ಹೇಳಿಬಿಡಿ. ಕುಡಿದ ನೀರೂ ನಿಲ್ಲದಿದ್ದರೆ, ಇಲ್ಲವೇ ಮೂತ್ರ ಕಡಿಮೆಯಾದರೆ ಮಾವಿನಕಾಯಿ ಹುಡುಕುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.