ಮಾಳಿಗೆ ಮೇಲಿನ ಮಣ್ಣು

ನಮ್ಮ ನಿಲಂಗಾ ಸೀಮೆಯಲ್ಲಿ ಹಳೇ ಮನೆಯ ವಯಸ್ಸು ತಿಳಿಯಲು ಕಾಗದಪತ್ರ ಹುಡುಕಬೇಕಾಗಿಲ್ಲ, ಮಾಳಿಗೆ ಮೇಲಿನ ಮಣ್ಣು ಅಳೆದರೆ ಸಾಕು. ರೋಹಿಣಿ ಮಳೆ ಹಿಡಿಯುವ ಮುಂಚೆ ಒಂದು ಪದರ ಬಿಳಿಮಣ್ಣು ಏರಿಸಬೇಕು, ಕಾಲಲ್ಲಿ ತುಳಿದು ಗಟ್ಟಿ ಮಾಡಬೇಕು. ಮುತ್ತಜ್ಜ ಏರಿಸಿದ, ಅಜ್ಜ ಏರಿಸಿದ, ಅಪ್ಪನೂ ಏರಿಸಿದ. ಇಳಿಸಿದವರು ಮಾತ್ರ ಯಾರೂ ಇಲ್ಲ. ಸೋರಿತೇ? ಇನ್ನೆರಡು ಬುಟ್ಟಿ ಹಾಕು. ಸೋರುವ ಮಾಳಿಗೆಯ ಮಾತೆತ್ತಿದರೆ ಕನ್ನಡಿಗರಿಗೆ ಶಿಶುನಾಳ ಶರೀಫರು ನೆನಪಾಗಿ ವೈರಾಗ್ಯ ಮೂಡುತ್ತದೆ. ನಮ್ಮ ಮನೆಯಲ್ಲಿ ಮೂಡಿದ್ದು ಜಗಳ.

ಅಡುಗೆಮನೆಯ ಮೂಲೆಯಲ್ಲಿ, ಸರಿಯಾಗಿ ಜೋಳದ ಕಣಜದ ಮೇಲೆ, ಹನಿ ಬೀಳತೊಡಗಿತ್ತು. ರಿಪೇರಿ ಮಾಡುವುದೋ, ಮಾಳಿಗೆಯನ್ನೇ ಕಿತ್ತು ಹೊಸದು ಹಾಕುವುದೋ? ಪಡಸಾಲೆಯಲ್ಲಿ ಸಭೆ ಕೂಡಿತು. ಕಾಕಾ ಪತ್ರಾ, ಅಂದರೆ ತಗಡಿನ ಪಕ್ಷ. ವೈನಿ ಸ್ಲ್ಯಾಬ್ ಪಕ್ಷ. ಶೇಂಗಾ, ಶಾವಿಗೆ ಒಣಹಾಕಲು ಸಿಮೆಂಟಿನ ನೆಲ ಬೇಕಂತೆ. ಆಯಿ ಮಾತ್ರ ಮಣ್ಣಿನ ಕಡೆ: “ಬ್ಯಾಸಗ್ಯಾಗ ಈ ಮಾಳಗಿ ತೆಳಗ ಕೂತು ನೋಡ್ರಿ, ಆಮ್ಯಾಲೆ ಮಾತಾಡ್ರಿ.” ಪುಣೆಯಲ್ಲಿ ನೌಕರಿ ಮಾಡುವ ಅಣ್ಣನ ಮಗ ಫೋನಿನಲ್ಲೇ ಮನೆ ಕೆಡವಿ ಎರಡು ಅಂತಸ್ತು ಕಟ್ಟಿ ಮುಗಿಸಿದ.

ಈ ಮನೆ ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡಿದೆ. 1956ರವರೆಗೆ ಬೀದರ, ಆಮೇಲೆ ಉಸ್ಮಾನಾಬಾದ, 1982ರಿಂದ ಲಾತೂರ. ಗೌಂಡಿ ಮರಾಠಿಯಲ್ಲಿ ಲೆಕ್ಕ ಹೇಳಿದರೆ ಆಯಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ, ಇಬ್ಬರಿಗೂ ಅಡ್ಡಿಯಿಲ್ಲ.

ಆದರೆ ನಮ್ಮ ಕಡೆ ಮಾಳಿಗೆಯ ಮಾತು ಎಲ್ಲಿ ಶುರುವಾದರೂ 1993ರ ಸೆಪ್ಟೆಂಬರ್ 30ಕ್ಕೆ ಬಂದು ನಿಲ್ಲುತ್ತದೆ. ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಜನ ದಣಿದು ಮಲಗಿದ್ದರು. ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು, ಸುತ್ತಲಿನ ಹಳ್ಳಿಗಳು ನೆಲಸಮ. ಸತ್ತವರು ಹತ್ತು ಸಾವಿರದ ಹತ್ತಿರ. ಭೂಕಂಪದ ಪ್ರಮಾಣ 6.2. ಅಷ್ಟು ಜನರನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ತಲೆಯ ಮೇಲಿನ ಭಾರ. ಕೆಸರಿನಲ್ಲಿ ಕಟ್ಟಿದ ಎರಡಡಿ ದಪ್ಪದ ಕಲ್ಲುಗೋಡೆ. ಅದರ ಒಳಮೈಗೂ ಹೊರಮೈಗೂ ನಂಟಿಲ್ಲ, ನಡುವೆ ಬರೀ ಚೂರುಗಲ್ಲು. ಮೇಲೆ ತಲೆಮಾರುಗಳ ರಿಪೇರಿ. ಸೋರದಿರಲೆಂದು ವರ್ಷವರ್ಷ ಏರಿಸಿದ ಮಣ್ಣೇ ಇಳಿದು ಬಂತು.

ಆಮೇಲೆ ವಿಶ್ವಬ್ಯಾಂಕಿನ ಸಾಲದಲ್ಲಿ ಸರಕಾರದ ಯೋಜನೆ ಬಂತು. 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿದರು. ಉಳಿದ ಕಡೆ ಮನೆ ಗಟ್ಟಿ ಮಾಡಿಕೊಳ್ಳಿ ಎಂದರು. ಎಂಜಿನಿಯರರು ಹೇಳಿದ ಉಪಾಯಗಳಲ್ಲಿ ಒಂದು ನಮ್ಮ ಹಿರಿಯರಿಗೆ ಬಹಳ ವಿಚಿತ್ರವೆನಿಸಿತು: ಮಾಳಿಗೆಯ ಮಣ್ಣು ಕಡಿಮೆ ಮಾಡಿ. ರಿಪೇರಿಯೆಂದರೆ ಏರಿಸುವುದು ಎಂದು ನಂಬಿದ ಊರಿಗೆ ಇಳಿಸುವುದೂ ರಿಪೇರಿಯೇ ಎಂದು ಒಪ್ಪಿಸುವುದು ಸುಲಭವೇ? ಉಳಿದವು ಕಂಬಕ್ಕೂ ತೊಲೆಗೂ ಓರೆಯಾಗಿ ಕಟ್ಟಿಗೆಯ ಆನಿಕೆ, ಗೋಡೆಯ ಎರಡೂ ಮೈ ಹಿಡಿದಿಡುವ ಉದ್ದ ಕಲ್ಲು, ಅಂಥವು.

ಅಂಜಿದ ಮಂದಿ ಪತ್ರಾಗಳಿಗೆ ಮುಗಿಬಿದ್ದರು. ಪತ್ರಾ ಹಗುರ, ನಿಜ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಅದರ ಕೆಳಗೆ ಮನುಷ್ಯ ಹಂಚಿನ ಮೇಲಿನ ರೊಟ್ಟಿಯೇ. ಮಳೆ ಬಂದರೆ ಟಿವಿಯ ಮಾತಿರಲಿ, ಹೆಂಡತಿ ಬೈದದ್ದೂ ಕೇಳುವುದಿಲ್ಲ (ಕಾಕಾನ ಪತ್ರಾ ಪ್ರೀತಿಗೆ ಇದೇ ಕಾರಣವಿರಬಹುದು). ಗಾಳಿಗೆ ಹಾರಿಹೋಗದಿರಲೆಂದು ಜನ ಅದರ ಮೇಲೆ ಕಲ್ಲು ಪೇರಿಸಿದರು. ಕಲ್ಲುಮಣ್ಣಿಗೆ ಹೆದರಿ ಪತ್ರಾ ಹಾಕಿದವರ ತಲೆಯ ಮೇಲೆ ಮತ್ತೆ ಕಲ್ಲು! ಇನ್ನು ಸ್ಲ್ಯಾಬು: ಅದನ್ನು ಹೊರಲು ಬೇರೆ ಗೋಡೆಯೇ ಬೇಕು. ಕೆಸರಿನ ಗೋಡೆಯ ಮೇಲೆ ಸಿಮೆಂಟು ಹೊರಿಸಿದರೆ ಮಣ್ಣಿನ ಜಾಗದಲ್ಲಿ ಇನ್ನೊಂದು ಭಾರ, ಅಷ್ಟೆ.

ಆಯಿಯ ವಾದಕ್ಕೂ ಆಧಾರವಿದೆ. ಆ ನಸುಕಿನಲ್ಲಿ ಎಷ್ಟೋ ಕಡೆ ಗೋಡೆ ಕಳಚಿ ಬಿದ್ದರೂ ಕಟ್ಟಿಗೆಯ ಕಂಬ-ತೊಲೆ ಮಾಳಿಗೆ ಹೊತ್ತು ನಿಂತಿದ್ದವು. “ನಮ್ಮ ಸಾಗವಾನಿ ಕಂಬಕ್ಕ ಇನ್ನಾ ಹುಳ ಹತ್ತಿಲ್ಲ” ಎಂದಳು. ಗೌಂಡಿ ಕಂಬ ಬಡಿದು ನೋಡಿ ತಲೆಯಾಡಿಸಿದ. ಜಂತಿಗಳಲ್ಲಿ ಮೂಲೆಯವು ಮಾತ್ರ ಲಡ್ಡಾಗಿದ್ದವು.

ಕಡೆಗೆ ಯಾವ ಪಕ್ಷಕ್ಕೂ ಬಹುಮತ ಸಿಗದೆ ಒಪ್ಪಂದವಾಯಿತು. ಅಡುಗೆಮನೆ ಬುಡಸಮೇತ ಕಿತ್ತು, ಹೊಸ ಗೋಡೆ ಎಬ್ಬಿಸಿ ಸ್ಲ್ಯಾಬ್. ಪಡಸಾಲೆಗೆ ಹಳೇ ಕಂಬ, ಹಳೇ ತೊಲೆ, ಓರೆ ಆನಿಕೆ. ಮಣ್ಣು ಮುಕ್ಕಾಲು ಪಾಲು ಕೆಳಗೆ. ಕಾಕಾನಿಗೆ ದನದ ಕೊಟ್ಟಿಗೆಯ ಮೇಲೆ ನಾಲ್ಕು ಪತ್ರಾ ದಯಪಾಲಿಸಲಾಯಿತು.

ಈಗಿನ ಜಗಳ ಇಳಿಸುವ ಮಣ್ಣು ಯಾರ ಹೊಲಕ್ಕೆ ಎಂಬುದು. ಹಳೇ ಮನೆಯ ಮಣ್ಣು ಒಳ್ಳೇ ಗೊಬ್ಬರವೆಂದು ಊರಿಗೆಲ್ಲ ಗೊತ್ತು. ಕಾಕಾ ಆಗಲೇ ಟ್ರ್ಯಾಕ್ಟರಿನವನಿಗೆ ಹೇಳಿ ಬಂದಿದ್ದಾನೆ, ವೈನಿ ತವರಿಗೆ ಫೋನು ಮಾಡಿದ್ದಾಳೆ. ಆಯಿ ಮಾತ್ರ ಬುಟ್ಟಿಗೆ ಲೆಕ್ಕ ಇಡುವುದಾಗಿ ಹೇಳಿದ್ದಾಳೆ.